ರಾಗಿ ಹುಲ್ಲನ್ನೇ ನಂಬಿದ ಹಸುವಿಗೆ ಸೊಪ್ಪಿನ ಆಸರೆ

(ಖುಷ್ಕಿ ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ತುಮಕೂರು, ಕೋಲಾರ, ರಾಮನಗರದ ಕಡೆಯ ನಿಮ್ಮಲ್ಲಿ ಬಹುಮಂದಿಗೆ ಎರಡು ಮೂರು ಎಕರೆ ಖುಷ್ಕಿ ಜಮೀನು, ಕೊಟ್ಟಿಗೆಯಲ್ಲಿ ಒಂದೆರಡು ಸೀಮೆಹಸು. ಡೇರಿಯ ಬಟವಾಡೆ ಹಣದಲ್ಲಿ ಪಶು ಆಹಾರದ ಚೀಲಕ್ಕೆ ಎಷ್ಟು ಹೋಗುತ್ತದೆ ಎಂಬ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಗೋದಲಿ ತುಂಬ ರಾಗಿ ಹುಲ್ಲು ಹಾಕಿದರೂ ಹಾಲು ಏರುವುದಿಲ್ಲ, ಹಸು ಸಕಾಲಕ್ಕೆ ಬೆದೆಗೆ ಬರುವುದಿಲ್ಲ. ಹೊಟ್ಟೆ ತುಂಬಿದ ಹಸು ಬಡಕಲಾಗುವುದೇಕೆ?

ಹುಲ್ಲನ್ನು ಕರಗಿಸುವುದು ವಾಸ್ತವವಾಗಿ ಹಸುವಲ್ಲ, ಅದರ ಮೊದಲ ಹೊಟ್ಟೆಯಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ದೋಸೆ ಹಿಟ್ಟು ಹುದುಗುವಂತೆ ಅಲ್ಲಿ ಹುಲ್ಲು ಹುದುಗುತ್ತದೆ. ಈ ಜೀವಿಗಳು ಚುರುಕಾಗಿರಬೇಕಾದರೆ ತಿನಿಸಿನ ಒಣ ತೂಕದಲ್ಲಿ ಶೇಕಡಾ 7ರಷ್ಟಾದರೂ ಸಸಾರಜನಕವಿರಬೇಕು. ರಾಗಿ ಹುಲ್ಲಿನಲ್ಲಿರುವುದು ಶೇಕಡಾ 3ರಿಂದ 4 ಮಾತ್ರ. ಆದುದರಿಂದ ಹುಲ್ಲು ಹೊಟ್ಟೆಯಲ್ಲೇ ಬಹುಕಾಲ ನಿಲ್ಲುತ್ತದೆ, ಹಸು ಹೆಚ್ಚು ತಿನ್ನಲಾರದು, ತಿಂದದ್ದೂ ಮೈಗೆ ಹತ್ತದು. ಹಾಗೆಂದು ರಾಗಿ ಹುಲ್ಲನ್ನು ಕಡೆಗಣಿಸಬಾರದು. ಅದು ಭತ್ತದ ಹುಲ್ಲಿಗಿಂತ ಮೇಲು. ಅದಕ್ಕೆ ಬೇಕಾದುದು ಜೊತೆ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 6 ಕಿಲೋ ರಾಗಿ ಹುಲ್ಲು ಕೊಟ್ಟರೆ ಅದರಿಂದ ಸಿಗುವ ಸಸಾರಜನಕ 190 ಗ್ರಾಮಿನ ಆಸುಪಾಸು. ಜೊತೆಗೆ 5 ಕಿಲೋ ಹಸಿ ಗ್ಲಿರಿಸಿಡಿಯಾ ಸೊಪ್ಪು ಕೊಟ್ಟರೆ ಇನ್ನೂ ಸುಮಾರು 240 ಗ್ರಾಂ ಸೇರುತ್ತದೆ. ಒಟ್ಟು ತಿನಿಸಿನ ಸಸಾರಜನಕ ಶೇಕಡಾ 6.5ರ ಹತ್ತಿರ ಬಂತು. ಇದರ ಮೇಲೆ ಒಂದು ಕಿಲೋ ಹಿಂಡಿ ಬೂಸಾ ಸಾಕು, ಏಳನ್ನು ದಾಟುತ್ತದೆ. ಹಾಲು ಕರೆಯುವ ಹಸುವಿಗೆ ಪ್ರತಿ ಎರಡೂವರೆ ಲೀಟರಿಗೆ ಒಂದು ಕಿಲೋ ಕೈತಿಂಡಿ ಬೇಕೆಂಬುದು ಬೇರೆ ಮಾತು. ಆದರೆ ಸೊಪ್ಪಿಲ್ಲದೆ ಆ ಕೈತಿಂಡಿಯ ಒಂದು ಪಾಲು ಹುಲ್ಲಿನ ಕೊರತೆ ತುಂಬುವುದಕ್ಕೇ ಖರ್ಚಾಗುತ್ತದೆ. ನೀವು ದುಡ್ಡು ಕೊಟ್ಟು ತರುವುದು ಬದುವಿನ ಮೇಲೆ ಬೆಳೆಯಬಹುದಾಗಿದ್ದ ವಸ್ತುವನ್ನು.

ಈ ಸೊಪ್ಪಿಗೆ ನೀರಾವರಿ ಬೇಕೆಂದು ಬಹುಮಂದಿ ತಿಳಿದಿದ್ದಾರೆ. ಕೊಳವೆ ಬಾವಿ ಇದ್ದವರು ನೇಪಿಯರ್ ಹುಲ್ಲು ಹಾಕಲಿ, ಸಂತೋಷ. ಇಲ್ಲದವರಿಗೆ ಮೂರು ಕಡೆ ಅವಕಾಶವಿದೆ. ಏಪ್ರಿಲ್ ಮೇ ತಿಂಗಳಲ್ಲಿ ಒಂದೆರಡು ಹದ ಮಳೆ ಬಿದ್ದರೆ ರಾಗಿ ಹೊಲದ ಒಂದು ಭಾಗದಲ್ಲಿ ಅಲಸಂದೆ ಚೆಲ್ಲಿ. ಐವತ್ತು ಅರವತ್ತು ದಿನದಲ್ಲಿ ಹೂ ಕಾಣುವ ವೇಳೆಗೆ ಕೊಯ್ದರೆ, ಜುಲೈ ಕೊನೆಯ ರಾಗಿ ಬಿತ್ತನೆಗೆ ನೆಲ ತೆರವಾಗುತ್ತದೆ. ಬೇರಿನ ಗಂಟುಗಳಿಂದ ನೆಲಕ್ಕೂ ಸ್ವಲ್ಪ ಸಾರಜನಕ ಉಳಿಯುತ್ತದೆ. ಮಳೆ ಬಾರದೆ ಹೋದರೆ ನಷ್ಟವಾಗುವುದು ಬೀಜ ಮತ್ತು ಒಂದು ಉಳುಮೆ. ಎರಡನೆಯದು ನಮ್ಮ ಹಿರಿಯರ ಅಕ್ಕಡಿ ಸಾಲು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೇ ಒಂದು ಸಾಲು ಅವರೆ. ಕಾಳು ಮನೆಗೆ, ಹೊಟ್ಟು ಕೊಟ್ಟಿಗೆಗೆ. ಬರಿಯ ರಾಗಿ ಬಿತ್ತಿ ಅಕ್ಕಡಿಯನ್ನು ಕೈಬಿಟ್ಟ ಊರುಗಳಲ್ಲಿ ಮೊದಲು ಬಡವಾದದ್ದು ದನದ ಗೋದಲಿ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಬದು. ಅಗಸೆ, ಗ್ಲಿರಿಸಿಡಿಯಾ ಎರಡೂ ಆಗುತ್ತವೆ. ಸುಬಾಬುಲ್ ಕೂಡ ಒಳ್ಳೆಯದೇ, ಆದರೆ ಅದರಲ್ಲಿ ಮಿಮೋಸಿನ್ ಎಂಬ ವಿಷಾಂಶವಿರುವುದರಿಂದ ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರಬಾರದು. ಗ್ಲಿರಿಸಿಡಿಯಾದ ವಾಸನೆಗೆ ಹಸು ಮೊದಮೊದಲು ಮುಖ ತಿರುಗಿಸುತ್ತದೆ. ಅರ್ಧ ದಿನ ಬಾಡಿಸಿ, ಹುಲ್ಲಿನೊಡನೆ ಬೆರೆಸಿ, ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿ. ಹಸಿರೆಲೆ ಗೊಬ್ಬರವೆಂದು ಗದ್ದೆಗೆ ಹಾಕುವ ಸೊಪ್ಪನ್ನು ದನಕ್ಕೆ ಕೊಡುವುದೇ ಎಂದು ಕೇಳುವವರಿದ್ದಾರೆ. ದನದ ಮೂಲಕ ಹೋದ ಸೊಪ್ಪು ಸಗಣಿಯಾಗಿ ತಿಪ್ಪೆಗೇ ತಾನೆ ಬರುವುದು!

ಯೂರಿಯಾ ಉಪಚಾರದ ಬಗ್ಗೆ ನೀವು ಖಂಡಿತ ಕೇಳುತ್ತೀರಿ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ 21 ದಿನ ಬಿಡಬೇಕು. ತೆಗೆದ ಮೇಲೆ ಘಾಟು ಹೋಗುವಂತೆ ಹರವಿ ಕೊಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೂಡದು. ಯೂರಿಯಾ ನೀರನ್ನು ದನ ಕುಡಿದರೆ ಪ್ರಾಣಾಪಾಯ. ವಿಧಾನ ಸರಿಯಾದುದೇ. ಆದರೂ ಹೆಚ್ಚಿನ ಊರುಗಳಲ್ಲಿ ಪ್ರಾತ್ಯಕ್ಷಿಕೆಯ ನಂತರ ಇದು ಮುಂದುವರಿಯಲಿಲ್ಲ. ರೈತರು ಸೋಮಾರಿಗಳೆಂದು ವಿಸ್ತರಣಾ ಕಾರ್ಯಕರ್ತರು ಹೇಳಬಾರದು. ಬೇಸಿಗೆಯಲ್ಲಿ ಆ ನೀರನ್ನು ಹೊರುವವರು ಯಾರು? ಕೊಟ್ಟಿಗೆ ನೋಡಿಕೊಳ್ಳುವ ಹೆಂಗಸರೇ. ಭತ್ತದ ಹುಲ್ಲು ರಾಶಿಯಿದ್ದು ನೀರೂ ಇರುವ ನಾಲೆ ಬಯಲಿಗೆ ಇದು ಹೊಂದುತ್ತದೆ. ಒಂದು ಹಸುವಿನ ಖುಷ್ಕಿ ಮನೆಗೆ ನಾನಂತೂ ಮೊದಲು ಸೊಪ್ಪನ್ನೇ ಹೇಳುತ್ತೇನೆ.

ಹುಲ್ಲನ್ನು ಕತ್ತರಿಸಿ ಹಾಕಿದರೆ ಸತ್ವ ಹೆಚ್ಚುವುದಿಲ್ಲ, ಆದರೆ ಕಾಲಡಿ ಬಿದ್ದು ಹಾಳಾಗುವುದು ತಪ್ಪುತ್ತದೆ, ಸೊಪ್ಪು ಚೆನ್ನಾಗಿ ಬೆರೆಯುತ್ತದೆ. ಯಂತ್ರದಲ್ಲಿ ರಾಗಿ ಕೊಯ್ಲು ಮಾಡಿಸುವವರು ಹೊಲದಲ್ಲೇ ಉಳಿಯುವ ಎತ್ತರದ ಕೂಳೆಯ ಬೆಲೆಯನ್ನೂ ಕೂಲಿಯ ಉಳಿತಾಯದಲ್ಲಿ ಕಳೆದು ನೋಡಬೇಕು.

ಇನ್ನು ಮೆದೆಯ ವಿಚಾರ. ದಿನಕ್ಕೆ 6 ಕಿಲೋದಂತೆ ಜನವರಿಯಿಂದ ಜೂನ್‌ವರೆಗೆ ಒಂದು ಹಸುವಿಗೆ ಸುಮಾರು 11 ಕ್ವಿಂಟಲ್ ಹುಲ್ಲು ಬೇಕು. ಸುಗ್ಗಿಯಲ್ಲಿ ಅಗ್ಗಕ್ಕೆ ಹುಲ್ಲು ಮಾರಿ ಏಪ್ರಿಲ್‌ನಲ್ಲಿ ದುಬಾರಿಗೆ ಕೊಳ್ಳುವುದು, ಅದೂ ಆಗದಿದ್ದರೆ ಗಬ್ಬದ ಹಸುವನ್ನು ಸಿಕ್ಕಿದ ಬೆಲೆಗೆ ಸಂತೆಗೆ ಹೊಡೆಯುವುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದಲ್ಲಿ ಮೆದೆ ಉಳಿದವನಿಗೇ ಹಸು ಉಳಿಯುವುದು. ಆದುದರಿಂದ ಮಾರುವ ಮೊದಲು 11 ಕ್ವಿಂಟಲ್ ಬೇರೆ ಒಟ್ಟಿ, ಮೇಲೆ ಮಳೆ ಇಳಿಯದಂತೆ ಹೊದಿಸಿ. ಬೂಷ್ಟು ಹಿಡಿದ ಹುಲ್ಲನ್ನು ಯಾವ ಕಾರಣಕ್ಕೂ ತಿನ್ನಿಸಬೇಡಿ.

ಗ್ಲಿರಿಸಿಡಿಯಾ ಕಡ್ಡಿಯನ್ನು ಮುಂಗಾರು ಹಿಡಿದ ಕೂಡಲೇ ನೆಡಬೇಕು. ಒಂದು ಮೀಟರ್ ಉದ್ದದ, ಬಲಿತ ಕಡ್ಡಿಯಾಗಿರಲಿ. ಮೊದಲ ವರ್ಷ ಸೊಪ್ಪಿಗೆ ಆಸೆಪಡಬೇಡಿ. ಎರಡನೆಯ ವರ್ಷದಿಂದ, ಮಳೆಗಾಲ ಮುಗಿಯುತ್ತಿರುವಾಗ ಒಮ್ಮೆ ಸವರಿದರೆ ಗಿಡ ಹೂವಿಗೆ ತಿರುಗಿ ಎಲೆ ಉದುರಿಸದೆ ಬೇಸಿಗೆಗೆ ಹೊಸ ಚಿಗುರು ಕೊಡುತ್ತದೆ. ಊಟದ ನಂತರ ಬದುವಿನ ಕಡೆ ಹೋಗೋಣ. ಎಲ್ಲಿ ಸವರಬೇಕೆಂಬುದನ್ನು ಗಿಡದ ಬಳಿಯೇ ತೋರಿಸುತ್ತೇನೆ.