ದನಿ ಬಿದ್ದದ್ದು ಗಂಟಲಲ್ಲಿ, ಹುಡುಕಿದ್ದು ಎದೆಯಲ್ಲಿ

ನಾನು ಡಾಕ್ಟರ್ ಅಲ್ಲ. ಪುಣೆಯ ಮಗರಪಟ್ಟಾದ ಸೈಬರ್‌ಸಿಟಿಯಲ್ಲಿ ನನ್ನ ಕೆಲಸ. ದಿನಕ್ಕೆ ಐದಾರು ಗಂಟೆ ಫೋನಿನಲ್ಲೇ ಇರೋನು.

ಒಂದು ನೆಗಡಿ ಬಂತು, ಹೋಯ್ತು. ಅದರ ಜೊತೆ ಹೋದ ದನಿ ಮಾತ್ರ ವಾಪಸ್ ಬರಲಿಲ್ಲ. ಮಾತಾಡಿದರೆ ಬರೀ ಗಾಳಿ. ನೀರು ಕುಡಿದರೆ ಕೆಮ್ಮು. ಧಾರವಾಡದಿಂದ ಅವ್ವ ಫೋನ್ ಮಾಡಿ, "ಯಾರ್ರೀ ನೀವು? ನನ್ನ ಮಗನ ಫೋನು ನಿಮ್ಮ ಕೈಯಾಗ ಯಾಕ ಐತಿ?" ಅಂದಳು. ಆಗ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಕಷಾಯ, ಜೇಷ್ಠಮಧು, ಉಪ್ಪುನೀರು ಅಂತ ಎರಡು ತಿಂಗಳು ಕಳೆದೆ. ಅದು ನನ್ನ ತಪ್ಪು. ಕೊನೆಗೆ ಇ.ಎನ್.ಟಿ. ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, "ಈ ಅನ್ನಿ" ಅಂದರು. ಪರದೆ ಮೇಲೆ ನೋಡಿದರೆ ಬಲಗಡೆಯ ಧ್ವನಿತಂತು ನಡುವಿಗೆ ಬರ್ತಿದೆ, ಎಡಗಡೆಯದು ನಿಂತಲ್ಲೇ ನಿಂತಿದೆ. ಎರಡೂ ಕೂಡದೆ ಗಾಳಿ ಸೋರುತ್ತಿತ್ತು.

ಗಂಟಲಿಗೆ ಔಷಧಿ ಕೊಡ್ತಾರೆ ಅಂದುಕೊಂಡರೆ, ಎದೆಯ ಸಿ.ಟಿ. ಸ್ಕ್ಯಾನ್ ಬರೆದರು. ನನಗೆ ಸಿಟ್ಟೇ ಬಂತು. ಆಗ ಕಾಗದದ ಮೇಲೆ ಗೀಟು ಎಳೆದು ತೋರಿಸಿದರು. ಎಡ ಧ್ವನಿತಂತುವಿನ ನರ ಮಿದುಳಿನಿಂದ ನೇರವಾಗಿ ಗಂಟಲಿಗೆ ಹೋಗಲ್ಲ. ಎದೆಗೆ ಇಳಿದು, ಹೃದಯದಿಂದ ಹೊರಡುವ ಮಹಾಪಧಮನಿಯ ಕೆಳಗೆ ಸುತ್ತಿ, ಮತ್ತೆ ಮೇಲೆ ಬರುತ್ತೆ. ಆ ದಾರಿಯಲ್ಲಿ ಎಲ್ಲಿ ಪೆಟ್ಟಾದರೂ ದನಿ ಬೀಳಬಹುದು: ಶ್ವಾಸಕೋಶದ ಗಡ್ಡೆ, ಟಿ.ಬಿ.ಯಿಂದ ಊದಿದ ಗ್ರಂಥಿ, ಉಬ್ಬಿದ ರಕ್ತನಾಳ. ಥೈರಾಯ್ಡ್ ಆಪರೇಷನ್ ಆಗಿದೆಯಾ ಅಂತ ಮೊದಲೇ ಕೇಳಿದ್ದೂ ಅದಕ್ಕೇ.

ತಲೆಬುರುಡೆಯ ತಳದಿಂದ ಎದೆಯವರೆಗೆ ಸ್ಕ್ಯಾನ್ ಆಯ್ತು. ರಿಪೋರ್ಟ್ ಬರೋವರೆಗಿನ ಎರಡು ದಿನ ಹೇಗೆ ಕಳೆದೆನೋ ನನಗೇ ಗೊತ್ತು. ಏನೂ ಸಿಗಲಿಲ್ಲ. "ಇಡಿಯೋಪಥಿಕ್" ಅಂತ ಬರೆದರು, ಅಂದರೆ ಕಾರಣ ತಿಳಿಯದ್ದು. ವೈರಸ್ ಇರಬಹುದು, ಖಚಿತವಿಲ್ಲ ಅಂದರು. ನಾನು ಕಲಿತದ್ದು ಇಷ್ಟೇ: "ಕಾರಣ ಗೊತ್ತಿಲ್ಲ" ಅನ್ನೋ ಮಾತು ಹುಡುಕಿದ ಮೇಲೆ ಬರಬೇಕು, ಹುಡುಕೋ ಮೊದಲಲ್ಲ.

ಇಂಥ ನರ ವರ್ಷದೊಳಗೆ ತಾನಾಗೇ ಚೇತರಿಸಿಕೊಳ್ಳೋದುಂಟು. ಹಾಗಾಗಿ ಶಾಶ್ವತ ಆಪರೇಷನ್‌ಗೆ ಸಾಮಾನ್ಯವಾಗಿ ಅವಸರ ಮಾಡಲ್ಲ. ನಾನು ಸ್ಪೀಚ್ ಥೆರಪಿಗೆ ಹೋದೆ. ಎಡಗಡೆಯ ತಂತು ಇವತ್ತಿಗೂ ಪೂರ್ತಿ ಅಲುಗಲ್ಲ. ಬಲಗಡೆಯದೇ ನಡು ದಾಟಿ ಬಂದು ಅದನ್ನು ಮುಟ್ಟುತ್ತೆ. ಈಗ ನೀವು ಕೇಳ್ತಿರೋದು ಆ ದನಿ.

ಮೂರು-ನಾಲ್ಕು ವಾರವಾದರೂ ದನಿ ಸರಿಹೋಗದಿದ್ದರೆ ಗಂಟಲಿಗೆ ಕ್ಯಾಮೆರಾ ಹಾಕಿಸಿ ನೋಡಿ. ಸಿಗರೇಟು ಸೇದೋರು, ಕುತ್ತಿಗೆಯಲ್ಲಿ ಗಂಟು ಇರೋರು ಅಷ್ಟೂ ಕಾಯಬೇಡಿ. ಉಸಿರಾಡುವಾಗ ಸದ್ದು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಅವ್ವ ಈಗ "ಹಲೋ" ಅಂದ ಕೂಡಲೇ ಗುರುತು ಹಿಡೀತಾಳೆ.