ಕರುಳಿನ ಉರಿಯೂತಕ್ಕೂ ಕೊಬ್ಬಿಗೂ ಏನು ಸಂಬಂಧ?

ನಾನು ಡಾಕ್ಟರ್ ಅಲ್ಲ, ಪುಣೆಯ ಹಿಂಜೆವಾಡಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡೋನು. ಆರು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ ಇದೆ. ಅಂದ್ರೆ ದೊಡ್ಡ ಕರುಳಿನ ಒಳಪದರ ಊದಿಕೊಂಡು, ಹುಣ್ಣಾಗಿ, ರಕ್ತಭೇದಿ ಆಗೋ ಕಾಯಿಲೆ. ಇದು ಗೊತ್ತಾದ ತಕ್ಷಣ ಸ್ನೇಹಿತರು ಕೊಡೋ ಸಲಹೆ ಎರಡು: "ಎಣ್ಣೆ, ತುಪ್ಪ ಬಿಡು", "ಮೀನೆಣ್ಣೆ ಕ್ಯಾಪ್ಸೂಲ್ ತಗೋ". ವಿಷಯ ಅಷ್ಟು ಸರಳ ಇಲ್ಲ.

ನಮ್ಮ ಜೀವಕೋಶಗಳ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲ ಇರುತ್ತೆ. ಉರಿಯೂತ ಶುರುವಾದಾಗ ಅದು ಬಿಡುಗಡೆಯಾಗಿ ಎರಡು ದಾರಿ ಹಿಡಿಯುತ್ತೆ. ಒಂದರಲ್ಲಿ ಲ್ಯೂಕೋಟ್ರೈನ್‌ಗಳು ಆಗ್ತವೆ. ಇವುಗಳಲ್ಲಿ ಬಿ4 ಅನ್ನೋದು ಬಿಳಿ ರಕ್ತಕಣಗಳನ್ನು ಕರುಳಿಗೆ ಕರೆತರುತ್ತೆ. ಇನ್ನೊಂದರಲ್ಲಿ ಪ್ರೋಸ್ಟಗ್ಲಾಂಡಿನ್‌ಗಳು. ಇವು ನೋವು, ಊತ ತರುತ್ತವೆ ನಿಜ, ಆದರೆ ಕರುಳಿನ ಒಳಪದರವನ್ನು ಕಾಯೋದೂ ಇವೇ. ಆಸ್ಪಿರಿನ್ ಈ ದಾರಿಯನ್ನು ಮುಚ್ಚುತ್ತೆ ಅಂತ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ನೊಬೆಲ್ ಹಂಚಿಕೊಂಡರು.

ಹಾಗಾಗಿ ದಿನವಿಡೀ ಕೂತು ಬೆನ್ನುನೋವು ಬಂತು ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗೋ ಮುಂಚೆ, ನಮ್ಮಂಥವರು ಡಾಕ್ಟರನ್ನು ಕೇಳಲೇಬೇಕು. ಕೆಲವರಿಗೆ ಕಾಯಿಲೆ ಮತ್ತೆ ಕೆರಳಬಹುದು.

ಇನ್ನೊಂದು ಕೊಬ್ಬಿನಾಮ್ಲ ನಮ್ಮ ಪರ ಇದೆ: ಬ್ಯುಟಿರೇಟ್. ನಾವು ತಿಂದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುಳಿಯಿಸಿ ಇದನ್ನು ಮಾಡ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಇದೇ ಮುಖ್ಯ ಇಂಧನ. ಆಪರೇಷನ್ ಮಾಡಿ ಮಲದ ದಾರಿ ತಿರುಗಿಸಿದಾಗ, ಬಳಕೆಯಿಲ್ಲದ ಕರುಳಿನ ಭಾಗ ಊದಿಕೊಳ್ಳೋದುಂಟು. ಅಂಥ ನಾಲ್ವರಿಗೆ ಚಿಕ್ಕ ಸರಪಳಿಯ ಕೊಬ್ಬಿನಾಮ್ಲಗಳನ್ನು ಎನಿಮಾ ಮೂಲಕ ಕೊಟ್ಟಾಗ ಊತ ಇಳಿಯಿತು ಅಂತ 1989ರಲ್ಲಿ ವರದಿಯಾಯಿತು. ಆದರೆ ಕೊಲೈಟಿಸ್‌ನಲ್ಲಿ ನಡೆಸಿದ ಪ್ರಯೋಗಗಳ ಫಲಿತಾಂಶ ಒಂದೇ ತರ ಬರಲಿಲ್ಲ.

ಮೀನೆಣ್ಣೆ? ಕಾಗದದ ಮೇಲೆ ಲೆಕ್ಕ ಚೆನ್ನಾಗಿದೆ. ಇದೇ ಗುಂಪಿನ ಕ್ರೋನ್ಸ್ ಕಾಯಿಲೆಯ 700ಕ್ಕೂ ಹೆಚ್ಚು ಜನರಿಗೆ ದಿನಕ್ಕೆ 4 ಗ್ರಾಂ ಒಮೆಗಾ-3 ಅಥವಾ ಬರೀ ಪ್ಲಸೀಬೊ ಕೊಟ್ಟು ನೋಡಿದರು. 2008ರ ಫಲಿತಾಂಶ: ಕಾಯಿಲೆ ಮರುಕಳಿಸೋದನ್ನು ಅದು ತಡೆಯಲಿಲ್ಲ.

ಅದಕ್ಕೇ ನಾನು ಮೆಸಲಮೈನ್ ಬಿಟ್ಟಿಲ್ಲ. ಆರಾಮಿದ್ದಾಗ ರಾಗಿ, ಬೇಳೆ, ಸೊಪ್ಪು ಹಿಡಿಸಿದಷ್ಟು ತಿಂತೀನಿ. ಕೆರಳಿದಾಗ ಡಾಕ್ಟರ್ ಹೇಳಿದ ಮೆತ್ತನೆ ಊಟ. ಮಲದಲ್ಲಿ ರಕ್ತ ಕಂಡರೆ "ಪೈಲ್ಸ್ ಇರಬೇಕು, ರಿಲೀಸ್ ಮುಗೀಲಿ" ಅಂತ ಮುಂದೂಡಬೇಡಿ. ಸಂಕೋಚ ಬಿಟ್ಟು ತೋರಿಸ್ಕೊಳ್ಳಿ.