ವರಳಿಯ ಕುಸ್ತಿಯ ಆ ರಾತ್ರಿ

(ಸಂಘದ ಕೂಟದಲ್ಲಿ ಆಡಿದ ಮಾತು)



ಕಾರ್ಯದರ್ಶಿಗಳು ನಮಗೆ ಕೊಟ್ಟ ವಿಷಯ "ಅಂದಿನ ನಮ್ಮ ಮನರಂಜನೆ" ಎಂಬುದು. ಯಕ್ಷಗಾನ, ನಾಟಕ, ಭಜನೆಗಳ ಬಗ್ಗೆ ಹೇಳಬಲ್ಲವರು ಈ ಸಭೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ಕುಸ್ತಿಯ ಮಾತು ಹೇಳುತ್ತೇವೆ. ಅದೂ ಗರಡಿಯ ಕೆಮ್ಮಣ್ಣಿನ ಕುಸ್ತಿಯಲ್ಲ. ಟಿಕೆಟು ಕೊಂಡು, ದೊಡ್ಡ ದೀಪಗಳ ಬೆಳಕಿನಲ್ಲಿ, ಹಗ್ಗ ಕಟ್ಟಿದ ಅಟ್ಟದ ಮೇಲೆ ನೋಡುತ್ತಿದ್ದ ಫ್ರೀಸ್ಟೈಲ್ ಕುಸ್ತಿ. ಮೊನ್ನೆ ಮೊಮ್ಮಗ ಕೇಳಿದ: "ಅಜ್ಜಾ, ಅದೆಲ್ಲ ಮೊದಲೇ ಮಾತಾಡಿಕೊಂಡ ಕುಸ್ತಿಯಂತೆ. ನಿಮಗೆ ಗೊತ್ತಿರಲಿಲ್ಲವೆ?" ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಅದಕ್ಕಾಗಿಯೇ ಇಲ್ಲಿ ನಿಂತಿದ್ದೇವೆ.

1962ರ ಸುಮಾರಿಗೆ ನಾವು ಐವರು ಹುಡುಗರು ಗಿರಣಗಾಂವಿನ ಒಂದು ಹೊಟೇಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದೆವು. ದಕ್ಷಿಣ ಕನ್ನಡದಿಂದ ಬಂದವರು. ಎಲ್ಲರಿಗಿಂತ ದೊಡ್ಡವನಿಗೆ ಹದಿನೈದು ವರ್ಷ. ಹಗಲೆಲ್ಲ ಕೆಲಸ, ಸಂಜೆ ರಾತ್ರಿಶಾಲೆ, ಮತ್ತೆ ಅಂಗಡಿ ಮುಚ್ಚುವ ತನಕ ಕೆಲಸ, ಆಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗುವುದು. ಒಂದು ಬೆಳಿಗ್ಗೆ ಹೊಟೇಲಿನ ಎದುರಿನ ಗೋಡೆಗೆ ಪೋಸ್ಟರು ಬಿತ್ತು. ಒಂದು ಬದಿಗೆ ದಾರಾಸಿಂಗ್, ಇನ್ನೊಂದು ಬದಿಗೆ ಗಡ್ಡ ಬಿಟ್ಟ ಕಿಂಗ್ ಕಾಂಗ್. ಅವನ ತೂಕ ನಾನೂರು ಪೌಂಡೆಂದು ಅಚ್ಚು ಹಾಕಿದ್ದರು. ನಮ್ಮ ಭಟ್ಟರು ಅದನ್ನು ಅಕ್ಕಿಮೂಟೆಯ ಲೆಕ್ಕಕ್ಕೆ ಇಳಿಸಿ, "ಎರಡು ಮೂಟೆಗೆ ತುಸು ಕಡಮೆ" ಎಂದರು. ಎರಡು ಮೂಟೆ ಅಕ್ಕಿಯನ್ನು ಒಬ್ಬ ಮನುಷ್ಯ ಎತ್ತಿ ತಲೆಯ ಮೇಲೆ ತಿರುಗಿಸುವುದೆಂದರೇನು? ರಾಂಚಿಯಲ್ಲಿ ದಾರಾಸಿಂಗ್ ಹಾಗೆ ಎತ್ತಿ ತಿರುಗಿಸಿದನೆಂಬ ಸುದ್ದಿ ನಮ್ಮ ಗಲ್ಲಿಯವರೆಗೂ ಬಂದಿತ್ತು.

ಈ ಕಿಂಗ್ ಕಾಂಗ್ ಹಂಗೇರಿಯವನು, 1909ರಲ್ಲಿ ಹುಟ್ಟಿದವನು. ನಿಜವಾದ ಹೆಸರು ಎಮಿಲ್ ಚಾಯಾ. ಸಿಂಗಾಪುರದಲ್ಲಿ ನೆಲೆ ಮಾಡಿಕೊಂಡು ಏಷ್ಯದ ಊರೂರು ಸುತ್ತುತ್ತಿದ್ದ. ದಾರಾಸಿಂಗ್ ಅಮೃತಸರ ಜಿಲ್ಲೆಯ ಧರ್ಮುಚಕ್ ಎಂಬ ಹಳ್ಳಿಯವರು, 1928ರಲ್ಲಿ ಜನಿಸಿದವರು. 1947ರಲ್ಲಿ ಹೊಟ್ಟೆಪಾಡಿಗೆ ಸಿಂಗಾಪುರಕ್ಕೆ ಹೋಗಿ, ಡ್ರಮ್ಮು ತಯಾರಿಸುವ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತ ಕುಸ್ತಿ ಕಲಿತರು. ಇದು ನಮಗೆ ಅಂದು ತಿಳಿದಿರಲಿಲ್ಲ. ತಿಳಿದಿದ್ದರೆ ಇನ್ನೂ ಜೋರಾಗಿ ಕೂಗುತ್ತಿದ್ದೆವು. 1954ರಲ್ಲಿ ಟೈಗರ್ ಜೋಗಿಂದರ್ ಸಿಂಗರನ್ನು ಸೋಲಿಸಿ ರುಸ್ತುಮೆ ಹಿಂದ್ ಆದದ್ದು, 1959ರಲ್ಲಿ ಕಲಕತ್ತೆಯಲ್ಲಿ ಜಾರ್ಜ್ ಗೋರ್ಡಿಯೆಂಕೊನನ್ನು ಕೆಡವಿ ಕಾಮನ್‌ವೆಲ್ತ್ ಪಟ್ಟ ಗೆದ್ದದ್ದು ಮಾತ್ರ ಬಾಯಿಪಾಠವಾಗಿತ್ತು. ರಾತ್ರಿಶಾಲೆಯ ಮಗ್ಗಿ ಅಷ್ಟು ಬಾಯಿಪಾಠ ಬರುತ್ತಿರಲಿಲ್ಲ.

ಟಿಕೆಟಿಗೆ ತಿಂಗಳ ಭಕ್ಷೀಸೆಲ್ಲ ಕೂಡಿಸಿದೆವು. ಐದರಲ್ಲಿ ನಾಲ್ಕು ಟಿಕೆಟಿಗಷ್ಟೇ ಆಯಿತು. ಹೇಗೂ ಒಬ್ಬ ಹಿಟ್ಟು ರುಬ್ಬಲು ಉಳಿಯಬೇಕಾಗಿತ್ತು. ಬೆಂಕಿಕಡ್ಡಿ ಎತ್ತಿ ನಿರ್ಣಯಿಸಿದೆವು. ಗಿಡ್ಡ ಕಡ್ಡಿ ಸಿಕ್ಕಿದ ಹುಡುಗ ಆ ವಾರವೆಲ್ಲ ನಮ್ಮೊಡನೆ ಮಾತಾಡಲಿಲ್ಲ.

ಹಿರಿಯರೊಬ್ಬರು ಜೊತೆಗಿರಬೇಕಲ್ಲ. ನಮ್ಮ ಹೊಟೇಲಿಗೆ ದಿನವೂ ಚಹಾಕ್ಕೆ ಬರುತ್ತಿದ್ದ ಗಿರಣಿಯ ಮಗ್ಗದ ಖಾತೆಯ ಒಬ್ಬರಿದ್ದರು, ಬೈಲಹೊಂಗಲದ ಕಡೆಯವರು. ಪ್ರಾಯದಲ್ಲಿ ಊರ ಜಾತ್ರೆಗಳಲ್ಲಿ ಕಡೆಯ ಕುಸ್ತಿ ಹಿಡಿದವರು. ಕೊಲ್ಲಾಪುರದ ಖಾಸಬಾಗ ಮೈದಾನವನ್ನು ಕಂಡವರು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. "ಅದು ನೂರಾ ಕುಸ್ತಿ ಐತ್ರೋ, ರೊಕ್ಕಾ ಯಾಕ ಹಾಳ ಮಾಡತೀರಿ?" ಎಂದು ಬೈದರು. ನೂರಾ ಕುಸ್ತಿ ಎಂದರೆ ಒಳಗೊಳಗೆ ಮಾತಾಗಿರುವ ಕುಸ್ತಿ. ಬೈದು, ಎರಡನೆಯ ಪಾಳಿಗೆ ರಜೆ ಹಾಕಿ, ತಾವೇ ಟಿಕೆಟು ತೆಗೆದು ಬಂದರು.

ಹಾಜಿ ಅಲಿಯ ಬಳಿ, ವರಳಿಯ ವಲ್ಲಭಭಾಯಿ ಪಟೇಲ್ ಸ್ಟೇಡಿಯಮ್ಮು. ನಮ್ಮ ಜಾಗ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಅಖಾಡವು ಅಲ್ಲಿಂದ ಕೇರಂ ಬೋರ್ಡಿನಷ್ಟು ಕಾಣುತ್ತಿತ್ತು. ಸುತ್ತ ಇದ್ದವರೆಲ್ಲ ನಮ್ಮಂಥವರೇ: ಗಿರಣಿಯವರು, ಗೋದಿಯ ಹಮಾಲರು, ಟ್ಯಾಕ್ಸಿಯವರು. ಮೊದಲು ಸಣ್ಣ ಜೋಡಿಗಳ ಕುಸ್ತಿ. ಆಮೇಲೆ ಕಿಂಗ್ ಕಾಂಗ್ ಬಂದ. ಬಂದವನೇ ಜನರ ಕಡೆಗೆ ತಿರುಗಿ ಏನೋ ಗದರಿದ. ಸಾವಿರ ಗಂಟಲು ಒಮ್ಮೆಗೆ ಕೂಗಿದವು. ಹಗಲೆಲ್ಲ ಧಣಿ, ಮುಕದಮ, ಗಿರಾಕಿ ಎಲ್ಲರ ಮಾತು ಕೇಳಿ ಬಾಯಿ ಮುಚ್ಚಿಕೊಂಡಿದ್ದ ಗಂಟಲುಗಳು ಅವು. ಬಯ್ಯುವುದಕ್ಕೆ ನಮಗೊಬ್ಬ ಸಿಕ್ಕಿದ್ದ, ಅವನು ಸಿಟ್ಟಾಗುತ್ತಲೂ ಇದ್ದ, ನಮ್ಮ ಕೆಲಸವೇನೂ ಹೋಗುತ್ತಿರಲಿಲ್ಲ!

ಪಂಚನು ಬೆನ್ನು ತಿರುಗಿಸಿದಾಗಲೆಲ್ಲ ಕಿಂಗ್ ಕಾಂಗ್ ಮೋಸ ಮಾಡುವನು. ನಾವು ಎದ್ದು ನಿಂತು ಪಂಚನಿಗೆ ಕೂಗಿ ಹೇಳುವೆವು. ಕಾಕಾ ಮಾತ್ರ ಕುಳಿತೇ ಇದ್ದರು. "ಕೈ ನೋಡಬ್ಯಾಡ್ರೋ, ಕಾಲು ನೋಡ್ರಿ. ಸಪ್ಪಳ ಎಲ್ಲಿಂದ ಬರತೈತಿ?" ಎಂದರು. ನೋಡಿದೆವು. ಹೌದು, ಗುದ್ದು ಬೀಳುವಾಗ ಅವನ ಕಾಲು ಹಲಗೆಯನ್ನು ಒದೆಯುತ್ತಿತ್ತು. ಢಮ್ಮೆನ್ನುವ ಸದ್ದು ಅಲ್ಲಿಯದು. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿತೋ ಚಿತ್, ಆಟ ಮುಗಿಯಿತು. ಇಲ್ಲಿ ಸುತ್ತಿನ ಮೇಲೆ ಸುತ್ತು. ಬಿದ್ದವನು ಏಳುತ್ತಾನೆ, ಮತ್ತೆ ಬೀಳುತ್ತಾನೆ. ನಮಗೆ ಸ್ವಲ್ಪ ಬೇಸರವೇ ಆಯಿತು, ಕಾಕಾನ ಮೇಲೆ. ಅಷ್ಟರಲ್ಲಿ ದಾರಾಸಿಂಗ್ ಆ ಪರ್ವತವನ್ನು ಸೊಂಟಕ್ಕೆ ಹಿಡಿದು ಎತ್ತಿ ಹಾಕಿದರು. ಅಟ್ಟವೆಲ್ಲ ಅದುರಿತು. ಕಾಕಾ ತಟ್ಟನೆ ಎದ್ದು ನಿಂತರು. "ಇದು ಖರೇ ಐತಿ. ಮಾತಾಡಿಕೊಂಡ್ರೂ ಎತ್ತೋದು ಎತ್ತಲೇಬೇಕಲ್ಲೋ, ಬೀಳೋದು ಬೀಳಲೇಬೇಕಲ್ಲೋ!"

ಕೊನೆಗೆ ಗೆದ್ದದ್ದು ದಾರಾಸಿಂಗ್ ಎಂದು ನಮ್ಮ ನೆನಪು. ನಮ್ಮವನೇ ಒಬ್ಬ, ಈಗ ವಿರಾರಿನಲ್ಲಿರುವವನು, ಪಂದ್ಯ ಸಮವಾಯಿತೆಂದು ಈಗಲೂ ವಾದಿಸುತ್ತಾನೆ. ಇರಲಿ.

ನಮಗೆ ಮರೆಯದೆ ಉಳಿದದ್ದು ಅದಲ್ಲ. ಹೊರಗೆ ಬಂದಾಗ ಹಿಂಬದಿಯ ಗೇಟಿನ ಬಳಿ ಚಹಾದ ಗಾಡಿಯ ಮುಂದೆ ಒಬ್ಬ ನಿಂತಿದ್ದ. ಸಂಜೆಯ ಮೊದಲ ಜೋಡಿಯಲ್ಲಿ ಸೋತವನು; ಹೆಸರು ಪೋಸ್ಟರಿನಲ್ಲಿ ಇದ್ದಿತೋ ಇಲ್ಲವೋ. ಮೊಣಕೈಗೆ ಒದ್ದೆ ಟವಲು ಸುತ್ತಿಕೊಂಡು ಎಡಗೈಯಲ್ಲಿ ಬಸಿ ಹಿಡಿದಿದ್ದ. ಅವನ ಕಿವಿ ಮುದುಡಿ, ಒಣಗಿದ ಅಣಬೆಯಂತೆ ಗಟ್ಟಿಯಾಗಿತ್ತು. ಕಾಕಾ ಅದನ್ನು ನೋಡಿ, ತಮ್ಮ ಟೋಪಿ ಸರಿಸಿ, ತಮ್ಮ ಕಿವಿಯನ್ನು ತೋರಿಸಿದರು. ಅದೂ ಹಾಗೆಯೇ ಇತ್ತು. ವರ್ಷವೆಲ್ಲ ಅವರಿಗೆ ಚಹಾ ಕೊಟ್ಟಿದ್ದರೂ ನಾವು ಅದನ್ನು ಗಮನಿಸಿರಲಿಲ್ಲ. ಇಬ್ಬರೂ ನಕ್ಕರು. ಯಾವ ತಾಲೀಮು, ಯಾರು ಉಸ್ತಾದರು ಎಂದು ಹರಕು ಹಿಂದಿಯಲ್ಲಿ ಮಾತಾಯಿತು. ಕೈಗೆ ನಿಜವಾಗಿ ಪೆಟ್ಟಾಗಿದೆಯೇ ಎಂದು ಕಾಕಾ ಕೇಳಿದರು. ಅವನು ಟವಲು ಬಿಚ್ಚಿ ತೋರಿಸಿದ. ಮೊಣಕೈ ತೆಂಗಿನ ಗಡಿಯಷ್ಟು ಊದಿತ್ತು. ಮರುರಾತ್ರಿ ಪುಣೆಯಲ್ಲಿ ಆಟವಿದೆ, ರೈಲು ಹಿಡಿಯಬೇಕು, ಹೋಗದಿದ್ದರೆ ಆ ದಿನದ ಹಣವಿಲ್ಲ ಎಂದ. ಅವನ ಚಹಾದ ದುಡ್ಡನ್ನು ಕಾಕಾ ಕೊಟ್ಟರು.

ಹೊಟೇಲಿಗೆ ಬರುವಾಗ ರಾತ್ರಿ ಒಂದು ಗಂಟೆ ದಾಟಿತ್ತು. ಬಾಗಿಲು ಹಾಕಿತ್ತು; ನಮ್ಮ ಟ್ರಂಕುಗಳು ಪಾವಟಿಗೆಯ ಮೇಲೆ ಇದ್ದವು. ಕೇಳಿಕೊಂಡೇ ಹೋದದ್ದು ನಿಜ. ಇಷ್ಟು ತಡವಾಗುವುದೆಂದು ಹೇಳದೆ ಇದ್ದದ್ದೂ ನಿಜ. ಧಣಿಗಳು ಒಳಗಿನಿಂದಲೇ, "ಕುಸ್ತಿಯವನೇ ಅನ್ನ ಹಾಕಲಿ" ಎಂದರು. ಆ ತಿಂಗಳ ಸಂಬಳವೂ ಬರಲಿಲ್ಲ. ಕೇಳಿ ಕೊಡಿಸಲು ಅಂದು ನಮಗೆ ಸಂಘದ ಹೆಸರೂ ಗೊತ್ತಿರಲಿಲ್ಲ.

ಕಾಕಾ ನಮ್ಮನ್ನು ತಮ್ಮ ಚಾಳಿಗೆ ಕರೆದುಕೊಂಡು ಹೋದರು. ಒಂದೇ ಖೋಲಿ, ಮೂರು ಪಾಳಿಯ ಹದಿನಾರು ಜನ. ಒಬ್ಬ ಎದ್ದು ಹೋದ ಚಾಪೆಯ ಮೇಲೆ ಇನ್ನೊಬ್ಬ ಮಲಗುವುದು. ಅಲ್ಲಿ ನಾಲ್ವರಿಗೆ ಜಾಗವಾಯಿತು. ಹೇಗಾಯಿತೆಂದು ಈಗ ಯೋಚಿಸಿದರೂ ಲೆಕ್ಕ ಸಿಗುವುದಿಲ್ಲ. ಇಬ್ಬರು ಬೇರೆ ಹೊಟೇಲು ಸೇರಿದರು. ಉಳಿದ ನಾವು ವಯಸ್ಸು ತುಂಬಿದ ಮೇಲೆ ಕಾಕಾನ ಕೈಹಿಡಿದು ಗಿರಣಿಯಲ್ಲಿ ಬದಲಿ ಕಾರ್ಡು ಪಡೆದೆವು.

1968ರ ಮೇ 29ರಂದು ಮುಂಬಯಿಯಲ್ಲೇ ಅಮೆರಿಕದ ಲೂ ಥೆಜ್ ಎಂಬಾತನನ್ನು ದಾರಾಸಿಂಗ್ ಸೋಲಿಸಿ ಜಗಜ್ಜಟ್ಟಿ ಎನಿಸಿಕೊಂಡರು. ಚಾಳಿನಲ್ಲಿ ಪೇಡೆ ಹಂಚಿದೆವು. ಥೆಜ್‌ಗೆ ಆಗ 52 ವರ್ಷ; ಅಮೆರಿಕದ ದೊಡ್ಡ ಒಕ್ಕೂಟದ ಪಟ್ಟವನ್ನು ಅವನು 1966ರಲ್ಲೇ ಜೀನ್ ಕಿನಿಸ್ಕಿಗೆ ಬಿಟ್ಟುಕೊಟ್ಟಿದ್ದ ಎಂಬುದನ್ನು ಬಹಳ ವರ್ಷಗಳ ಮೇಲೆ ಓದಿ ತಿಳಿದೆವು. ಅದೇ ಥೆಜ್ ದಾರಾಸಿಂಗರನ್ನು ಅಸಲಿ ಕುಸ್ತಿ ಬಲ್ಲವರೆಂದು ಮೆಚ್ಚಿದ್ದನ್ನೂ ಓದಿದೆವು. ಪೇಡೆಯ ಹಣ ಹಾಳಾಯಿತೆಂದು ನಮಗೆ ಅನ್ನಿಸಲಿಲ್ಲ.

ಕಿಂಗ್ ಕಾಂಗ್ 1970ರಲ್ಲಿ ಮೋಟಾರು ಅಪಘಾತದ ಗಾಯದಿಂದ ಸಿಂಗಾಪುರದಲ್ಲಿ ತೀರಿಕೊಂಡ. ನಾವು ಅಷ್ಟೆಲ್ಲ ಬೈದವನು. ಆದರೂ ಸುದ್ದಿ ಕೇಳಿದ ದಿನ ಯಾರಿಗೂ ಊಟ ಸೇರಲಿಲ್ಲ. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಆರಂಭವಾಯಿತು. ಆ ಕಥೆ ಈ ಸಭೆಗೆ ಹೇಳಬೇಕಾಗಿಲ್ಲ. ಮರುವರ್ಷ ದಾರಾಸಿಂಗ್ ಕುಸ್ತಿಯಿಂದ ನಿವೃತ್ತರಾದರು. ಕಾಕಾ ಅಷ್ಟರಲ್ಲಿ ಲೆಕ್ಕ ಚುಕ್ತಾ ಮಾಡದೆ ಊರಿಗೆ ಹೋಗಿಬಿಟ್ಟಿದ್ದರು.

ಗಿರಣಿಯಿಂದ ಬರಬೇಕಾದ ಫಂಡಿನ ಹಣಕ್ಕಾಗಿ ಅವರು ಒಮ್ಮೆ ಮರಳಿ ಬಂದದ್ದು 1987ರಲ್ಲಿ. ಒಂದು ಆದಿತ್ಯವಾರ ಬೆಳಿಗ್ಗೆ ನಮ್ಮ ಚಾಳಿನ ಒಂದೇ ಟೀವಿಯ ಮುಂದೆ ಎಲ್ಲರೂ ರಾಮಾಯಣ ನೋಡುತ್ತಿದ್ದೆವು. ಹನುಮಂತನ ವೇಷದಲ್ಲಿ ದಾರಾಸಿಂಗ್ ಬಂದರು. ಹೆಂಗಸರು ಕೈಮುಗಿದರು. ಕಾಕಾ ಕನ್ನಡಕ ಹಾಕಿಕೊಂಡು ಹತ್ತಿರ ಸರಿದು, ಬಹಳ ಹೊತ್ತು ದಿಟ್ಟಿಸಿದರು.

"ಆ ರಾತ್ರಿ ಚಹಾ ಕುಡೀತಿದ್ದನಲ್ಲಾ, ಕೈ ಊದಿದವ," ಎಂದರು, "ಪುಣೇಕ ಹೋಗಿ ಮುಟ್ಟಿದನೋ ಇಲ್ಲೋ?"

ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ರಾತ್ರಿ ಪಾಳಿಯವರು ಹೊರಡಬೇಕು.